ಜಂಗ್ಲಿಸಾಬನ ತುಷ್ಟಿಗುಣ

ಗುಲ್ಷನ ತರಗತಿಯಲ್ಲಿ ಪ್ರಶ್ನೆ ಕೇಳುವ ಹುಡುಗಿಯಾಗಿರಲಿಲ್ಲ. ಗಜೇಂದ್ರಗಡದ ಆ ಪಿಯು ಕಾಲೇಜಿಗೆ ಸೇರಿ ಎರಡನೆಯ ವರ್ಷ ನಡೆಯುತ್ತಿದ್ದರೂ ಅವಳ ದನಿಯನ್ನು ಮೇಷ್ಟ್ರುಗಳು ಕೇಳಿದ್ದು ಹಾಜರಿ ಕೂಗಿದಾಗ ಮಾತ್ರ. ಅಂಥವಳು ಆ ದಿನ, ಅದೂ ಪ್ರಭುಲಿಂಗಪ್ಪ ಸರ್ ಅವರ ಅರ್ಥಶಾಸ್ತ್ರದ ಪಿರಿಯಡ್ಡಿನಲ್ಲಿ ಕೈ ಎತ್ತಿಬಿಟ್ಟಳು. ಎತ್ತಿದ ಮೇಲೆ ಅದು ತನ್ನದೇ ಕೈಯೇ ಎಂದು ಒಮ್ಮೆ ತಿರುಗಿ ನೋಡಿಕೊಂಡಳು.

ಪ್ರಭುಲಿಂಗಪ್ಪ ಸರ್ ಇಸ್ತ್ರಿ ಮುರಿಯದ ಅಂಗಿಯ, ಎಣ್ಣೆ ಹಚ್ಚಿದ ಮೀಸೆಯ ಮನುಷ್ಯ. ಅರ್ಥಶಾಸ್ತ್ರದ ನಿಯಮಗಳನ್ನು ಅವರು ಹೇಳುತ್ತಿದ್ದ ಗತ್ತು ನೋಡಿದರೆ, ಅವನ್ನೆಲ್ಲ ಹಿಂದಿನ ಸಂಜೆ ತಾವೇ ಸಹಿ ಮಾಡಿ ಜಾರಿಗೆ ತಂದಿದ್ದಾರೆ ಅನ್ನಿಸುತ್ತಿತ್ತು. ಅವತ್ತಿನ ಪಾಠ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಹೆಸರು ಕೇಳಿಯೇ ಹಿಂದಿನ ಬೆಂಚು ಮಲಗಿತ್ತು. ಸರ್ ಅದನ್ನು ಎಬ್ಬಿಸಲು ಮಿರ್ಚಿ ಭಜಿಯನ್ನು ಕರೆತಂದರು.

"ಹಸದವಗ ಮೊದಲನೇ ಮಿರ್ಚಿ ಕೊಡೋ ಸುಖ ಎರಡನೇದು ಕೊಡೂದಿಲ್ಲ. ಎರಡನೇದು ಕೊಟ್ಟಷ್ಟು ಮೂರನೇದು ಕೊಡೂದಿಲ್ಲ. ಹಿಂಗ ಇಳಕೋಂತ ಇಳಕೋಂತ ಸೊನ್ನಿ ಆಗತೈತಿ. ಅದರ ಮ್ಯಾಲೂ ತಿಂದ್ರ ಸುಖ ಹೋಗಿ ಸಂಕಟ. ಇದು ಎಲ್ಲಾ ಮನಷ್ಯಾರಿಗೂ, ಎಲ್ಲಾ ದೇಶದಾಗೂ ಅನ್ವಯ."

ಆಗ ಎದ್ದದ್ದು ಆ ಕೈ.

"ಸರ್, ನಮ್ಮ ಮಾಮುಗ ಹಿಂಗ ಆಗೂದಿಲ್ರಿ."

"ಯಾರು?"

"ನಮ್ಮ ಅಮ್ಮೀನ ಅಣ್ಣರಿ. ಜಂಗ್ಲಿಸಾಬ ಅಂತ, ಜಕ್ಕಲ್ಯಾಗ ಇರ್ತಾರ್ರಿ. ಅವರಿಗೆ ಒಂದನೇ ಮಿರ್ಚಿನೂ ಅಷ್ಟ ಖುಷಿ, ಹದಿನೈದನೇದೂ ಅಷ್ಟ ಖುಷಿರಿ. ನಾನ ನೋಡೀನ್ರಿ."

ತರಗತಿ ನಕ್ಕಿತು. ಮಲಗಿದ್ದ ಬೆಂಚು ಪೂರ್ತಿ ಎಚ್ಚರವಾಯಿತು. ಸರ್ ಮಾತ್ರ ನಗಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಈ ನಿಯಮಾನ್ನ ಇಡೀ ಜಗತ್ತು ಒಪ್ಪೇತಿ. ಜಕ್ಕಲಿ ಜಗತ್ತಿನ್ಯಾಗ ಐತಿಲ್ಲೋ?"

"ಐತ್ರಿ ಸರ್."

"ನಿಮ್ಮ ಮಾಮು?"

"ಅವರೂ ಅದಾರ್ರಿ."

"ಹಂಗಾದ್ರ ಕರಕೊಂಡ ಬಾ. ಬರೋ ಶನಿವಾರ ವಿಷಯ ಮೇಳ ಐತಿ. ಎಲ್ಲಾರ ಮುಂದ ಕುಂತು ತಿನ್ಲಿ. ಆದ್ರ ಬರೇ ಬಾಯಿಲೇ ಚಲೋ ಐತಿ ಅಂದ್ರ ನಾ ಒಪ್ಪೂದಿಲ್ಲ, ಅಳತಿ ಬೇಕು."

ಗುಲ್ಷನ ಕುಳಿತಳು. ಅವಳ ಮೊದಲ ಪ್ರಶ್ನೆಗೆ ಸಿಕ್ಕ ಉತ್ತರ ಇದು.

ವಿಷಯ ಮೇಳ ಎಂಬುದು ಆ ವರ್ಷ ಪ್ರಾಚಾರ್ಯರು ಕಂಡುಹಿಡಿದ ಸಡಗರ. ಪ್ರತಿ ವಿಷಯದ ವಿದ್ಯಾರ್ಥಿಗಳೂ ಏನಾದರೊಂದು ಮಾಡಿ ತೋರಿಸಬೇಕು, ಊರಿನವರು ಬಂದು ನೋಡಬೇಕು. ವಿಷಯಗಳು ಹೆಚ್ಚಾಗಿ ಕೋಣೆಗಳು ಕಡಿಮೆ ಬಿದ್ದವು. ಅರ್ಥಶಾಸ್ತ್ರ, ಶಿಕ್ಷಣ, ಎಲೆಕ್ಟ್ರಾನಿಕ್ಸ್ ಈ ಮೂರನ್ನೂ ಪ್ರಾಚಾರ್ಯರು ಒಂದೇ ಕೋಣೆಗೆ ಹಾಕಿದರು. ಯಾಕೆಂದು ಕೇಳಿದ್ದಕ್ಕೆ, ಇಂಗ್ಲಿಷಿನಲ್ಲಿ ಬರೆದರೆ ಮೂರೂ ಒಂದೇ ಅಕ್ಷರದಿಂದ ಶುರುವಾಗುತ್ತವಲ್ಲ ಎಂದರು.

ಅಳತೆಯ ಚಿಂತೆ ಹೊತ್ತು ಗುಲ್ಷನ ಎಲೆಕ್ಟ್ರಾನಿಕ್ಸ್ ಕೋಣೆಯ ಬಾಗಿಲಲ್ಲಿ ನಿಂತಳು. ಆ ವಿಷಯಕ್ಕಿದ್ದ ವಿದ್ಯಾರ್ಥಿಗಳು ಒಂದು ಬೆಂಚಿಗೆ ಸಾಲುತ್ತಿದ್ದರು. ಅವರಲ್ಲಿ ದ್ಯಾಮೇಶ ಎಂಬುವನು ಕೊಣ್ಣೂರಿನವನು, ಹಾಸ್ಟೆಲಿನಲ್ಲಿದ್ದ. ಅವನ ಅಂಗಿಗೆ ಸದಾ ಬೆಸುಗೆಯ ಹೊಗೆಯ ವಾಸನೆ. ಮೇಳಕ್ಕೆಂದು ಅವನು ಒಂದು ರಟ್ಟಿನ ಡಬ್ಬಿ ಮಾಡಿದ್ದ. ಡಬ್ಬಿಯ ಮುಂದೆ ಹತ್ತು ಪುಟ್ಟ ದೀಪಗಳ ಸಾಲು. ನೀರಿನ ಟಾಕಿಯಲ್ಲಿ ನೀರು ಏರಿದ ಹಾಗೆ ಒಂದೊಂದೇ ದೀಪ ಹತ್ತಬೇಕು. ಕೆಂಪು, ಹಳದಿ, ಕೊನೆಗೆ ಹಸಿರು. ಹತ್ತೂ ಹತ್ತಿದರೆ ಒಂದು ರಾಗ. ಆ ರಾಗದ ಯಂತ್ರವನ್ನು ಅವನು ಗುಜರಿಗೆ ಹೋದ ಟೆಂಪೋ ಒಂದರಿಂದ ಬಿಚ್ಚಿ ತಂದಿದ್ದ. ಗಾಡಿ ಹಿಂದಕ್ಕೆ ಬರುವಾಗ ಜನ ಸರಿಯಲಿ ಎಂದು ಬಾರಿಸುತ್ತದಲ್ಲ, ಅದು.

"ಇದರಾಗ ತುಷ್ಟಿಗುಣ ಅಳ್ಯಾಕ ಬರತೈತೇನು?" ಎಂದು ಗುಲ್ಷನ ಕೇಳಿದಳು.

"ಏನ ಬೇಕಾದ್ರೂ ಅಳ್ಯಾಕ ಬರತೈತಿ," ಎಂದ ದ್ಯಾಮೇಶ. "ಅದು ವೋಲ್ಟೇಜ್ ಆಗಿ ಬಂದ್ರ ಸಾಕು."

"ನಮ್ಮ ಮಾಮು ವೋಲ್ಟೇಜ್ ಆಗಿ ಬರೂದಿಲ್ಲ. ಬಸ್ಸಿನ್ಯಾಗ ಬರ್ತಾರ."

ದ್ಯಾಮೇಶ ಇದನ್ನು ಗಂಭೀರವಾಗಿಯೇ ಯೋಚಿಸಿದ. ಮರುದಿನ ಬರುವಷ್ಟರಲ್ಲಿ ನೀರಿನ ಮಟ್ಟ ತಿಳಿಸುವ ತಂತಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಹಳೆಯ ರೇಡಿಯೋದ ದನಿ ಏರಿಸುವ ತಿರುಗಣಿಯನ್ನು ಕೂಡಿಸಿದ್ದ. ತಿಂದವರಿಗೆ ಎಷ್ಟು ಸುಖವಾಯಿತೋ ಅಷ್ಟು ತಿರುವಬೇಕು. ಪೂರ್ತಿ ಸುಖವೆಂದರೆ ಹತ್ತು ದೀಪ ಮತ್ತು ಟೆಂಪೋದ ರಾಗ.

ಇತ್ತ ಜಂಗ್ಲಿಸಾಬನಿಗೆ ಫೋನಿನಲ್ಲಿ ವಿಷಯ ತಿಳಿಸಿದ್ದು ಗುಲ್ಷನಳ ತಂದೆ ಜಮಾಲಸಾಬ. ಕಾಲೇಜಿನವರು ಮಿರ್ಚಿ ತಿನ್ನಲು ಕರೆಯುತ್ತಿದ್ದಾರೆ ಎಂದಷ್ಟೇ ಹೇಳಿದ. ಯಾಕೆ, ಏನು ಎಂದು ಜಂಗ್ಲಿಸಾಬ ಕೇಳಲೇ ಇಲ್ಲ. ಇಂಥ ಕರೆ ಒಂದಲ್ಲ ಒಂದು ದಿನ ಬರುತ್ತದೆ ಎಂದು ಅವನಿಗೆ ಗೊತ್ತಿದ್ದಂತಿತ್ತು.

ಹಾಗೆ ನೋಡಿದರೆ ಜಂಗ್ಲಿಸಾಬ ಹೊಟ್ಟೆಬಾಕನಲ್ಲ. ಎತ್ತರದ, ತೆಳ್ಳಗಿನ ಮನುಷ್ಯ. ಜಕ್ಕಲಿಯಲ್ಲಿ ಹೊಲ ಮಾಡಿಕೊಂಡಿದ್ದವನು. ಆದರೆ ಸುತ್ತಲಿನ ಊರುಗಳಲ್ಲಿ ಯಾವ ಮದುವೆಯ ಅಡುಗೆಯವರೂ ಅವನನ್ನು ಮೊದಲ ಪಂಕ್ತಿಯಲ್ಲೇ ಕೂಡಿಸುತ್ತಿದ್ದರು. ಬಡಿಸಿದ್ದನ್ನು ಅವನು ಬೇಡ ಅಂದದ್ದಿಲ್ಲ. ಪ್ರತಿ ತುತ್ತಿಗೂ ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, "ವಾಹ್, ಭಾಳ ಚಲೋ ಆಗೇತಿ" ಅನ್ನುತ್ತಿದ್ದ. ಮೊದಲ ತುತ್ತಿಗೆ ಹೇಗೋ ಕೊನೆಯ ತುತ್ತಿಗೂ ಹಾಗೇ. ಅವನು ಉಂಡು ಎದ್ದರೆ ಅಡುಗೆ ಮಾಡಿದವರ ಮುಖ ಒಂದು ವಾರ ಬೆಳಗುತ್ತಿತ್ತು. ಚಿಕ್ಕಂದಿನಿಂದ ಇದನ್ನು ನೋಡಿ ಬೆಳೆದ ಗುಲ್ಷನಳಿಗೆ, ಸರ್ ಹೇಳಿದ ನಿಯಮ ಎಲ್ಲೋ ತಪ್ಪಿದೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಶನಿವಾರ ಜಂಗ್ಲಿಸಾಬ ಹಬ್ಬದ ಬಿಳಿ ಜುಬ್ಬಾ ತೊಟ್ಟು, ಅತ್ತರು ಪೂಸಿಕೊಂಡು ಬಸ್ಸಿನಿಂದ ಇಳಿದ.

"ಮಾಮು, ಏನರ ತಿಂದ್ರಿ?" ಎಂದು ಗುಲ್ಷನ ಕೇಳಿದಳು.

"ನಿನ್ನಿ ಮಧ್ಯಾಹ್ನದಿಂದ ನಿಮ್ಮ ಮುಮಾನಿ ಒಂದ ತುತ್ತು ಕೊಟ್ಟಿಲ್ಲ ಬೇಟಿ. ಕಾಲೇಜಿನ್ಯಾಗ ಮರ್ಯಾದಿ ಹೋಗಬಾರ್ದಂತ."

ಮುಮಾನಿ ಎಂದರೆ ಅವನ ಹೆಂಡತಿ ಜುಲೇಖಾ. ಅವಳು ಬಂದಿರಲಿಲ್ಲ. ಬುತ್ತಿ ಮಾತ್ರ ಕಳಿಸಿದ್ದಳು, ಪ್ರಯೋಗ ಮುಗಿದ ಮೇಲೆ ಹಸಿವಾದರೆ ಇರಲಿ ಎಂದು.

ಕೋಣೆ ತುಂಬಿ ಹೋಗಿತ್ತು. ಒಂದು ಗೋಡೆಗೆ ಶಿಕ್ಷಣ ವಿಷಯದ ಚಿತ್ರಪಟಗಳು. ಆ ವಿಷಯ ಕಲಿಸುವ ಅನಿತಾ ಮೇಡಮ್ ನರಗುಂದದವರು, ಕೆಲಸಕ್ಕೆ ಹೊಸಬರು. ಪ್ರಪಂಚದಲ್ಲಿ ನಡೆಯುವುದೆಲ್ಲ ಕಲಿಕೆಯೇ ಎಂಬುದು ಅವರ ನಂಬಿಕೆ. ಜಂಗ್ಲಿಸಾಬ ಒಳಗೆ ಬಂದು ಚಪ್ಪಲಿ ಬಿಡುವಾಗಲೇ, "ನೋಡ್ರಿ, ಪೂರ್ವಾನುಭವ" ಎಂದು ತಮ್ಮ ವಿದ್ಯಾರ್ಥಿನಿಯರಿಗೆ ತೋರಿಸಿದರು. ಇನ್ನೊಂದು ಗೋಡೆಯ ಕರಿಹಲಗೆಯ ಮೇಲೆ ಪ್ರಭುಲಿಂಗಪ್ಪ ಸರ್ ಎಡದಿಂದ ಬಲಕ್ಕೆ ಜಾರುವ ಗೆರೆಯೊಂದನ್ನು ಮೊದಲೇ ಎಳೆದಿಟ್ಟಿದ್ದರು. ಜಂಗ್ಲಿಸಾಬ ತಿಂದ ಹಾಗೆ ಗುಲ್ಷನ ಆ ಗೆರೆಯ ಮೇಲೆ ಚುಕ್ಕೆ ಇಡುತ್ತ ಹೋಗಬೇಕು, ಅಷ್ಟೇ. ಬಾಗಿಲ ಹೊರಗೆ ಮೊಗಸಾಲೆಯಲ್ಲಿ ಸಕ್ರವ್ವನ ಸ್ಟೋವ್ ಉರಿಯುತ್ತಿತ್ತು. ಕಾಲೇಜಿನ ಗೇಟಿನ ಮುಂದೆ ಗಾಡಿ ಇಟ್ಟು ಮಿರ್ಚಿ ಕರಿಯುವ ಸಕ್ರವ್ವನನ್ನು ಸರ್ ಅವರೇ ಕರೆಸಿದ್ದರು, ಖರ್ಚೂ ಅವರದೇ.

ಸಕ್ರವ್ವ ಮೊದಲನೆಯ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು ತಾನೇ ತಂದು ಕೊಟ್ಟಳು. ಕೊಟ್ಟವಳು ಹೋಗಲಿಲ್ಲ. ಕೈಯಲ್ಲಿ ಮಿರ್ಚಿ ಎತ್ತುವ ಝಾರಿ ಹಿಡಿದು ಎದುರಿಗೇ ನಿಂತಳು.

ಜಂಗ್ಲಿಸಾಬ ಕಡಿದ. ಕಣ್ಣು ಮುಚ್ಚಿದ. ತಲೆ ಅಲ್ಲಾಡಿಸಿದ.

"ಹ್ಯಾಂಗೈತ್ರಿ ಸಾಬ್ರ?" ಎಂದಳು ಸಕ್ರವ್ವ.

"ವಾಹ್. ಭಾಳ ಚಲೋ ಆಗೇತ್ರಿ ಅಕ್ಕಾರ," ಎಂದು ಅವನು ತಿರುಗಣಿಯನ್ನು ಕೊನೆಯವರೆಗೆ ತಿರುವಿದ. ಹತ್ತೂ ದೀಪ ಹತ್ತಿ, ಟೆಂಪೋದ ರಾಗ ಶುರುವಾಯಿತು. ಹಿಂದೆ ನಿಂತಿದ್ದ ಜವಾನ ದುರಗಪ್ಪ ಗಾಬರಿಯಿಂದ ಇಬ್ಬರು ಹುಡುಗಿಯರನ್ನು ಪಕ್ಕಕ್ಕೆ ಎಳೆದು, "ಸರೀರಿ, ಗಾಡಿ ಹಿಂದ ಬರಾಕತ್ತೇತಿ" ಎಂದ. ಗೋಡೆ ಬಿಟ್ಟರೆ ಹಿಂದೆ ಏನೂ ಇರಲಿಲ್ಲ.

ಗುಲ್ಷನ ಹಲಗೆಯ ತುದಿಯಲ್ಲಿ ಚುಕ್ಕೆ ಇಟ್ಟಳು. ಎರಡನೆಯ ಮಿರ್ಚಿ ಬಂತು. ಹತ್ತು ದೀಪ, ರಾಗ. ದುರಗಪ್ಪ ಮತ್ತೆ ಸರಿದ. ಮೂರನೆಯದೂ ಹಾಗೆಯೇ. ಸರ್ ಮೀಸೆಯಲ್ಲಿ ನಕ್ಕು, "ತಡೀರಿ, ಹಸದ ಬಂದಾರ. ಇನ್ನ ಇಳೀತೈತಿ" ಎಂದರು.

ಇಳಿಯಲಿಲ್ಲ. ಸರ್ ಎಳೆದ ಗೆರೆ ಕೆಳಗೆ ಜಾರಿ ಹೋಗುತ್ತಿದ್ದರೆ, ಗುಲ್ಷನಳ ಚುಕ್ಕೆಗಳು ಅದನ್ನು ಬಿಟ್ಟು ನೆಟ್ಟಗೆ ಕಿಟಕಿಯ ಕಡೆಗೆ ಹೊರಟಿದ್ದವು. ಏಳನೆಯದಕ್ಕೆ ಹಲಗೆ ಮುಗಿಯುತ್ತ ಬಂತು. ಹಿಂದಿನ ಬೆಂಚಿನವರು ಜಕ್ಕಲಿಗೆ ಜಯಕಾರ ಹಾಕಿದರು.

"ಡಬ್ಬಿ ಕೆಟ್ಟೈತಿ," ಎಂದರು ಸರ್.

ದ್ಯಾಮೇಶನಿಗೆ ಸಿಟ್ಟು ಬಂತು. ಬಂದು ತಿರುಗಣಿ ತಿರುವಿ ತೋರಿಸಿದ. ಒಂದು, ಎರಡು, ಐದು, ಎಂಟು, ಮತ್ತೆ ಕೆಳಗೆ. ಡಬ್ಬಿ ನೆಟ್ಟಗಿತ್ತು.

ಆಗ ಅನಿತಾ ಮೇಡಮ್ ಮುಂದೆ ಬಂದರು. "ಸರ್, ನಂಗ ತಿಳೀತ್ರಿ. ಅವರು ಮಿರ್ಚಿ ಸಲುವಾಗಿ ತಿರುವಾಕತ್ತಿಲ್ಲ. ರಾಗದ ಸಲುವಾಗಿ ತಿರುವಾಕತ್ತಾರ. ಪೂರಾ ತಿರುವಿದ್ರ ರಾಗ ಬರತೈತಿ ಅಂತ ಕಲತಾರ. ಅದು ಅವರಿಗೆ ಬಹುಮಾನ ಇದ್ದಂಗ. ಇದಕ್ಕ ಪರಿಣಾಮ ನಿಯಮ ಅಂತಾರ್ರಿ."

"ಅಂದ್ರ ಇದು ನಿಮ್ಮ ವಿಷಯ," ಎಂದರು ಸರ್ ಆಸೆಯಿಂದ.

"ನಮ್ಮದ್ರಿ."

ರಾಗದ ತಂತಿಯನ್ನು ದ್ಯಾಮೇಶ ಕಿತ್ತ. ಎಂಟನೆಯ ಮಿರ್ಚಿ ಬಂತು. ಜಂಗ್ಲಿಸಾಬ ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ತಿರುಗಣಿಯನ್ನು ಕೊನೆಗೆ ಒಯ್ದ. ರಾಗವಿಲ್ಲದೆ ಹತ್ತು ದೀಪ ಸುಮ್ಮನೆ ಹತ್ತಿದವು. ದುರಗಪ್ಪ ರೂಢಿಯಂತೆ ಸರಿದ.

"ಕಲತದ್ದು ಯಾರು ಅಂತ ಈಗ ಗೊತ್ತಾತು ಬಿಡ್ರಿ," ಎಂದರು ಸರ್. ಮೇಡಮ್ ಮಾತ್ರ ದುರಗಪ್ಪನನ್ನೇ ಬೆರಗಿನಿಂದ ನೋಡುತ್ತಿದ್ದರು.

ಪ್ರಭುಲಿಂಗಪ್ಪ ಸರ್ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರು, ತೋಳು ಮಡಚಿದರು. "ನಿಯಮ ಇರೋದು ವಿವೇಕ ಇರೋ ಗ್ರಾಹಕಗ. ಸಾಬ್ರದೊಂದು ಬ್ಯಾರೆ ಕೇಸು. ಈಗ ನಾ ಕೂಡ್ತೀನಿ. ವಿವೇಕ ಇರೋ ಗ್ರಾಹಕ ಹ್ಯಾಂಗ ಇರ್ತಾನ ಎಲ್ಲಾರೂ ನೋಡ್ರಿ." ಹೀಗೆಂದು ಜಂಗ್ಲಿಸಾಬನ ಪಕ್ಕದ ಕುರ್ಚಿಯಲ್ಲಿ ಕುಳಿತರು.

ಸಕ್ರವ್ವನಿಗೆ ಹಿಗ್ಗಾಯಿತು. ಇಷ್ಟು ವರ್ಷದಲ್ಲಿ ಸರ್ ಅವಳ ಗಾಡಿಯ ಮುಂದೆ ನಿಂತು ತಿಂದವರಲ್ಲ. ಇದ್ದುದರಲ್ಲಿ ದೊಡ್ಡ ಮೆಣಸಿನಕಾಯಿ ಹುಡುಕಿ ಕರಿದು ತಂದಳು. ಸರ್ ತಿಂದರು. ಸುಳ್ಳು ಹೇಳುವ ಹಾಗಿರಲಿಲ್ಲ, ಮಿರ್ಚಿ ನಿಜವಾಗಿಯೂ ಚೆನ್ನಾಗಿತ್ತು. ಹತ್ತು ದೀಪ ಹತ್ತಿಸಿದರು.

ಎರಡನೆಯದನ್ನು ತಿಂದು, ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿ, ತಿರುಗಣಿಯನ್ನು ಎಂಟಕ್ಕೆ ಇಳಿಸಿದರು. "ನೋಡಿದ್ರೆಲ್ಲ?" ಎಂದು ತರಗತಿಯ ಕಡೆ ತಿರುಗಿದರು.

"ಯಾಕ್ರಿ ಸರ್ರ," ಎಂದಳು ಸಕ್ರವ್ವ. "ಉಪ್ಪು ಕಡಿಮಿ ಆತೇನ್ರಿ?"

"ಇಲ್ಲವ್ವಾ. ಉಪ್ಪು ಬರೋಬರಿ ಐತಿ."

"ಮತ್ತ ದೀಪ ಯಾಕ ಆರಿಸಿದ್ರಿ?"

"ಅದು ಹಂಗಲ್ಲ. ಎರಡನೇದ್ರಾಗ ಸುಖ ಸ್ವಲ್ಪ ಕಡಿಮಿ ಆಗತೈತಿ."

"ಎರಡೂ ಒಂದ ಹಿಟ್ಟಿನ್ಯಾವರಿ. ಒಂದ ಎಣ್ಣಿ."

"ಹಿಟ್ಟಿಂದಲ್ಲವ್ವಾ. ಇದು ನನ್ನ ಮನಸ್ಸಿನ ಮಾತು."

"ಮನಸ್ಸಿಗೆ ಏನ ಬ್ಯಾಸರ ಆತ್ರಿ? ನಾ ಏನರ ಅಂದ್ನೇನ್ರಿ?"

ಸಕ್ರವ್ವನ ಝಾರಿ ಕೆಳಗಿಳಿಯಿತು. ಅವಳು ಸೆರಗಿನ ತುದಿ ಹಿಡಿದುಕೊಂಡು ಆರಿದ ಎರಡು ದೀಪಗಳನ್ನೇ ನೋಡುತ್ತ ನಿಂತಳು. ಹಿಂದಿನ ಬೆಂಚಿನವರು ಕೂಡ ಸರ್ ಅವರನ್ನು, ಇದೇನು ಮಾಡಿದಿರಿ ಎಂಬಂತೆ ನೋಡಿದರು. ಸರ್ ಒಮ್ಮೆ ಹಲಗೆಯ ಮೇಲಿದ್ದ ತಮ್ಮ ಗೆರೆಯನ್ನು ನೋಡಿದರು, ಒಮ್ಮೆ ಸಕ್ರವ್ವನ ಮುಖವನ್ನು ನೋಡಿದರು. ಅವರ ಕೈ ತಿರುಗಣಿಯ ಮೇಲೇ ಇತ್ತು. ಅದು ಮೆಲ್ಲಗೆ, ಯಾರೂ ನೋಡುತ್ತಿಲ್ಲವೇನೋ ಎಂಬಂತೆ, ಮೇಲಕ್ಕೆ ತಿರುಗಿತು.

"ಕೈ ಜಾರಿತ್ತವ್ವಾ," ಎಂದರು ಸರ್. "ಹೊಸಾ ಯಂತ್ರ."

ಹತ್ತು ದೀಪ ನೋಡಿ ಸಕ್ರವ್ವನ ಮುಖ ಅರಳಿತು. ಓಡಿ ಹೋಗಿ ಇಬ್ಬರಿಗೂ ಎರಡೆರಡು ತಂದಳು. ಸರ್ ತಿಂದರು, ಹತ್ತು ದೀಪ. ಮತ್ತೆ ತಂದಳು. ಮತ್ತೆ ಹತ್ತು ದೀಪ. ಈಗ ಕಣ್ಣು ಮುಚ್ಚುವುದು, ತಲೆ ಅಲ್ಲಾಡಿಸುವುದು ಕೂಡ ಸರ್ ಅವರಿಗೆ ಬರತೊಡಗಿತ್ತು. ಅವರ ಹಣೆಯ ಬೆವರು ಮೀಸೆಗೆ ಇಳಿಯಿತು, ಮೀಸೆ ಜೋತುಬಿತ್ತು, ಅಂಗಿಯ ಇಸ್ತ್ರಿ ಕರಗಿ ಹೋಯಿತು. ಗುಲ್ಷನ ಸೀಮೆಸುಣ್ಣ ಹಿಡಿದು ಚುಕ್ಕೆಗಳನ್ನು ಕಿಟಕಿಯ ಚೌಕಟ್ಟಿನ ಮೇಲೆ ಇಡುತ್ತಿದ್ದಳು, ಹಲಗೆ ಎಂದೋ ಮುಗಿದಿತ್ತು.

ಅವಳಿಗೆ ಗೆದ್ದ ಖುಷಿ ಆಗಬೇಕಿತ್ತು. ಆದರೆ ಮೇಜಿನ ಕೆಳಗೆ ಕಣ್ಣು ಹೋಯಿತು. ಮಾಮುವಿನ ಎರಡೂ ಪಾದಗಳು ಒಂದನ್ನೊಂದು ಹಿಚುಕುತ್ತಿದ್ದವು. ಮೇಲೆ ಮುಖ ನೋಡಿದರೆ ಸುಖವೋ ಸುಖ, ಕೆಳಗೆ ಬೆರಳುಗಳು ಸುರುಟಿಕೊಂಡಿದ್ದವು. ಕಿವಿಗಳು ಕೆಂಡದ ಹಾಗೆ.

"ಮಾಮುಗ ನೀರ ಕುಡಿಸ್ಕೊಂಡ ಬರ್ತೀನ್ರಿ," ಎಂದು ಅವನ ಕೈ ಹಿಡಿದು ಎಬ್ಬಿಸಿ, ಕಾಲೇಜಿನ ಹಿಂದಿನ ನಳದ ಹತ್ತಿರ ಕರೆದೊಯ್ದಳು. ಜಂಗ್ಲಿಸಾಬ ನಳದ ಕಟ್ಟೆಯ ಮೇಲೆ ಕೂರಲು ಹೋಗಿ, ಬಾಗಲು ಆಗದೆ, ಗೋಡೆಗೆ ಒರಗಿ ನಿಂತ.

"ಮಾಮು, ಖರೇ ಹೇಳ್ರಿ."

"ಏನು?"

"ಎಷ್ಟನೇದ್ರಿಂದ ಸಾಕಾಗಿತ್ತು?"

ಜಂಗ್ಲಿಸಾಬ ಸುತ್ತ ನೋಡಿದ. ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. "ಮೂರನೇದ್ರಿಂದ," ಎಂದ. "ನಾಕನೇದು ಕಣ್ಣಾಗ ನೀರ ತಂತು. ಆಮ್ಯಾಲಿನವು ಯಾವ ರುಚಿ ಅದಾವು ಅಂತ ಅಲ್ಲಾಗ ಗೊತ್ತು."

"ಮತ್ತ ಹತ್ತೂ ದೀಪ ಹಚ್ಚಿದ್ರಿ?"

"ಎದರಿಗೆ ನಿಂತ ಹ್ಯಾಂಗೈತಿ ಅಂತ ಕೇಳತಾಳಲ್ಲ, ಏನ ಹೇಳೂದು? ಉರಿ ಮುಂದ ಕುಂತು ಮಾಡಿರ್ತಾರ. ಚಲೋ ಆಗೇತಿ ಅಂದ್ರ ನಂದೇನ ಹೋಗತೈತಿ?"

"ಮದವ್ಯಾಗೂ ಹಂಗ?"

"ಎಲ್ಲಾ ಕಡೆ ಹಂಗ." ಅವನು ಗುಲ್ಷನಳ ತಲೆಯ ಮೇಲೆ ಕೈ ಇಟ್ಟ. "ಯಾರಿಗೂ ಹೇಳಬ್ಯಾಡ. ಜಕ್ಕಲ್ಯಾಗ ನನಗ ಇರೋ ಹೆಸರು ಇದೊಂದ."

ಗುಲ್ಷನ ನಳದ ನೀರು ಮುಖಕ್ಕೆ ಎರಚಿಕೊಂಡಳು. ನಿಯಮ ಸರಿಯಾಗಿಯೇ ಇತ್ತು. ಅವಳೇ ತಪ್ಪು ತಿಳಿದಿದ್ದಳು. ಆ ಸರಿಯಾದ ನಿಯಮವನ್ನು ಕಲಿಸಿದ ಮನುಷ್ಯ ಒಳಗೆ ಅದೇ ನಿಯಮದ ಕೈಯಲ್ಲಿ ಸಿಕ್ಕು ನರಳುತ್ತಿದ್ದ. ಮಾಮುವಿನ ಹೆಸರು ಕೆಡಬಾರದು, ಸರ್ ಉಳಿಯಬೇಕು. ಇನ್ನೊಂದೆರಡು ಮಿರ್ಚಿ ಹೋದರೆ ಸರ್ ಉಳಿಯುವುದು ಕಷ್ಟವಿತ್ತು.

ಅವಳು ಓಡಿ ಬಂದಾಗ ಸಕ್ರವ್ವ ಸರ್ ಅವರ ಮುಂದೆ ಹೊಸ ತಟ್ಟೆ ಇಟ್ಟು ನಿಂತಿದ್ದಳು. ಸರ್ ಆ ಮಿರ್ಚಿಯನ್ನು ನೋಡುತ್ತಿದ್ದರು, ಅದೂ ಅವರನ್ನು ನೋಡುತ್ತಿರುವ ಹಾಗಿತ್ತು.

"ಸಕ್ರವ್ವಕ್ಕ, ನಿನ್ನ ಗಾಡಿ ಮುಂದ ಗಿರಾಕಿ ಬಂದ ನಿಂತಾರ. ಲಗೂ ಹೋಗು," ಎಂದಳು ಗುಲ್ಷನ.

"ಇಲ್ಲಿ ಸರ್ರು ಇನ್ನಾ ತಿನ್ನೋರದಾರಲ್ಲವಾ."

"ಅವರಿಗೆ ನಾ ಕೊಡ್ತೀನಿ. ಹೋಗು."

ಸಕ್ರವ್ವ ಝಾರಿಯೊಂದಿಗೆ ಗೇಟಿನ ಕಡೆ ಹೋದಳು. ಅವಳ ಸೆರಗು ಮೊಗಸಾಲೆಯ ತಿರುವಿನಲ್ಲಿ ಮರೆಯಾಯಿತು. ಗುಲ್ಷನ ಸರ್ ಅವರ ಕಿವಿಯ ಹತ್ತಿರ ಬಾಗಿ, "ಈಗ ತಿರುವ್ರಿ ಸರ್, ಸಕ್ರವ್ವ ಇಲ್ಲ" ಎಂದಳು.

ಪ್ರಭುಲಿಂಗಪ್ಪ ಸರ್ ತಿರುಗಣಿಗೆ ಎರಡೂ ಕೈ ಹಾಕಿದರು. ಒಂದೇ ಏಟಿಗೆ ಹಸಿರು, ಹಳದಿ, ಕೆಂಪು ಎಲ್ಲ ಆರಿದವು. "ಸೊನ್ನಿ," ಎಂದು ಕೂಗಿದರು. "ನೋಡ್ರಿ, ಸೊನ್ನಿ. ನಾ ಏನ ಹೇಳಿದ್ದೆ?" ಆದರೆ ಅವರ ಕೈ ಅಲ್ಲಿಗೆ ನಿಲ್ಲಲಿಲ್ಲ. "ಇದರ ಕೆಳಗೂ ಐತಿ. ಋಣಾತ್ಮಕ ತುಷ್ಟಿಗುಣ ಅಂತಾರ ಇದಕ್ಕ. ಇನ್ನೂ ಕೆಳಗ ಐತಿ," ಎನ್ನುತ್ತ ತಿರುವಿದರು, ತಿರುವಿದರು. ತಿರುಗಣಿ ಟಕ್ಕೆಂದು ಮುರಿದು ಕೈಗೆ ಬಂತು.

"ಸರ್, ಅದು ಸೊನ್ನಿ ಕೆಳಗ ಹೋಗೂದಿಲ್ರಿ," ಎಂದ ದ್ಯಾಮೇಶ ಅಳುವ ದನಿಯಲ್ಲಿ. "ಒಂಬತ್ತ ವೋಲ್ಟಿನ ಬ್ಯಾಟ್ರಿರಿ ಅದು."

"ನಾ ಹೋಗೀನಿ," ಎಂದರು ಸರ್.

ಗೇಟಿನ ಮುಂದೆ ಯಾವ ಗಿರಾಕಿಯೂ ಕಾಣದೆ ಸಕ್ರವ್ವ ಅಷ್ಟರಲ್ಲಿ ತಿರುಗಿ ಬಂದಳು. ಆರಿದ ಡಬ್ಬಿ ನೋಡಿ ಗಾಬರಿಯಾದಳು. "ಏನಾತ್ರಿ ಸರ್ರ?"

"ಯಂತ್ರ ಕೆಟ್ಟತವ್ವಾ," ಎಂದು ಸರ್ ಮುರಿದ ತಿರುಗಣಿ ತೋರಿಸಿದರು. "ನಿನ್ನ ಮಿರ್ಚಿ ಅದಕ್ಕ ತಡಕೊಳ್ಳಾಕ ಆಗಲಿಲ್ಲ."

ಇದಕ್ಕಿಂತ ದೊಡ್ಡ ಮಾತು ಸಕ್ರವ್ವನಿಗೆ ಯಾರೂ ಹೇಳಿರಲಿಲ್ಲ. ಮುಂದೆ ತಿಂಗಳುಗಟ್ಟಲೆ ಅವಳು ಗಿರಾಕಿಗಳಿಗೆ ತನ್ನ ಮಿರ್ಚಿ ಕಾಲೇಜಿನ ಯಂತ್ರ ಮುರಿದ ಕತೆ ಹೇಳಿದಳು.

ಮೇಳ ಮುಗಿದ ಮೇಲೆ ಸರ್ ಮತ್ತು ಜಂಗ್ಲಿಸಾಬ ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕುಳಿತಿದ್ದರು. ದುರಗಪ್ಪ ಇಬ್ಬರಿಗೂ ಸೋಡಾ ಒಡೆದು ಕೊಟ್ಟ, ಅಜವಾನ ಕೊಟ್ಟ.

"ಸಾಬ್ರ," ಎಂದರು ಸರ್ ಕೊನೆಗೆ, "ನೀವು ಇದನ್ನ ಎಷ್ಟ ವರ್ಷದಿಂದ ಮಾಡಾಕತ್ತೀರಿ?"

ಜಂಗ್ಲಿಸಾಬ ಗುಲ್ಷನಳ ಮುಖ ನೋಡಿದ. ಅವಳು ತಾನೇನೂ ಹೇಳಿಲ್ಲ ಎಂದು ತಲೆಯಾಡಿಸಿದಳು.

"ಮೀಸಿ ಬರೋದಕಿಂತ ಮೊದಲಿಂದರಿ," ಎಂದ ಅವನು.

"ದೊಡ್ಡ ಮನಷ್ಯಾ ಅದೀರಿ," ಎಂದರು ಸರ್, ಮತ್ತು ತೇಗಿದರು.

ಸೋಮವಾರ ಪಾಠ ಅಲ್ಲಿಂದಲೇ ಮುಂದುವರಿಯಿತು. ನಿಯಮಕ್ಕೆ ಕೆಲವು ಊಹೆಗಳಿರುತ್ತವೆ, ಅವು ಇದ್ದರೆ ಮಾತ್ರ ನಿಯಮ ನಡೆಯುತ್ತದೆ ಎಂದು ಸರ್ ಬರೆಸಿದರು. ಗ್ರಾಹಕನಿಗೆ ವಿವೇಕ ಇರಬೇಕು. ವಸ್ತುಗಳು ಒಂದೇ ತೆರನಾಗಿರಬೇಕು. ಒಂದರ ಹಿಂದೆ ಒಂದು, ಬಿಡುವಿಲ್ಲದೆ ತಿನ್ನಬೇಕು. ಅಷ್ಟು ಬರೆಸಿ ಸ್ವಲ್ಪ ತಡೆದು, "ವಸ್ತು ತಯಾರು ಮಾಡಿದವರು ಎದರಿಗೆ ನಿಂತಿರಬಾರದು" ಎಂದರು. ಹಿಂದಿನ ಬೆಂಚು ಪುಸ್ತಕ ತಿರುವಿ ನೋಡಿತು. ಪುಸ್ತಕದಲ್ಲಿ ಇರಲಿಲ್ಲ.

"ಪರೀಕ್ಷಾದಾಗ ಬರೀಬ್ಯಾಡ್ರಿ," ಎಂದರು ಸರ್. "ತಲ್ಯಾಗ ಇರಲಿ."

ಗುಲ್ಷನ ಆಮೇಲೆ ಆ ವರ್ಷ ಇನ್ನೂ ಬಹಳ ಪ್ರಶ್ನೆ ಕೇಳಿದಳು. ಅವಳ ಕೈ ಎದ್ದ ಕೂಡಲೇ ಸರ್, "ಇದರಾಗ ತಿನ್ನೋದೇನರ ಐತೇನು?" ಎಂದು ಮೊದಲು ಕೇಳಿಕೊಂಡು ಮುಂದುವರಿಯುತ್ತಿದ್ದರು.

ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವಳು ಜಕ್ಕಲಿಗೆ ಹೋದಳು. ದ್ಯಾಮೇಶ ಹೊಸ ತಿರುಗಣಿ ಹಾಕಿ ಸರಿಮಾಡಿದ ಡಬ್ಬಿಯನ್ನು ಕೇಳಿ ತೆಗೆದುಕೊಂಡು ಹೋಗಿದ್ದಳು. ಅದನ್ನು ನೋಡಬೇಕೆಂದು ಜುಲೇಖಾ ಮುಮಾನಿ ಹೇಳಿ ಕಳಿಸಿದ್ದಳು. ಗಂಡನ ಕೀರ್ತಿ ಬೆಳಗಿದ ಯಂತ್ರವಲ್ಲವೇ.

ಅವತ್ತು ಶುಕ್ರವಾರ. ಆ ಮನೆಯಲ್ಲಿ ಶುಕ್ರವಾರವೆಂದರೆ ಸಬ್ಬಸಗಿ ಪಲ್ಲೆ. ಮದುವೆಯಾಗಿ ಬಂದ ಮೊದಲ ವಾರ ಮುಮಾನಿ ಅದನ್ನು ಮಾಡಿದ್ದಳು, ಜಂಗ್ಲಿಸಾಬ ಕಣ್ಣು ಮುಚ್ಚಿ ವಾಹ್ ಅಂದಿದ್ದ. ಅಂದಿನಿಂದ ಹಿತ್ತಿಲಲ್ಲಿ ಅವನ ಸಲುವಾಗಿಯೇ ಒಂದು ಮಡಿ ಸಬ್ಬಸಗಿ ಬೆಳೆಯುತ್ತಿದ್ದಳು. ಮುಮಾನಿ ಪಲ್ಲೆ ಬಡಿಸಿ, ಡಬ್ಬಿಯನ್ನು ಗಂಡನ ಮುಂದಿಟ್ಟು, ಎದುರಿಗೆ ನಿಂತಳು.

"ತಿರುವ್ರಿ, ನೋಡೂಣು."

ಜಂಗ್ಲಿಸಾಬನ ಕೈ ಮೇಲಕ್ಕೆ ಹೊರಟಿತ್ತು. ಗುಲ್ಷನ ತಡೆದಳು. "ಮುಮಾನಿ, ಇದರ ರೂಲು ಹಂಗಿಲ್ರಿ. ಮಾಡಿದವರು ಒಳಗ ಹೋಗಬೇಕ್ರಿ."

ಮಾಮು ಅವಳನ್ನು ನುಂಗುವ ಹಾಗೆ ನೋಡಿದ. ಮುಮಾನಿ ನಗುತ್ತ ಅಡುಗೆಮನೆಗೆ ಹೋಗಿ ಪರದೆ ಎಳೆದುಕೊಂಡಳು. ಮಾಮು ಪಲ್ಲೆ ನೋಡಿದ, ಪರದೆ ನೋಡಿದ, ನಿಟ್ಟುಸಿರು ಬಿಟ್ಟ. ಮದುವೆಯಾದ ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಅವನ ಕೈ ಖರೇ ಹೇಳಿತು. ಎರಡು ಕೆಂಪು ದೀಪ ಹತ್ತಿದವು.

ಪರದೆ ತೆಳ್ಳಗಿತ್ತು.

"ಎರಡ?" ಎಂದು ಮುಮಾನಿ ಹೊರಗೆ ಬಂದಳು.

ಜಂಗ್ಲಿಸಾಬ, "ಕೈ ಜಾರಿತು, ಹೊಸಾ ಯಂತ್ರ" ಎಂದೇನೋ ಶುರುಮಾಡಿದ. ಮುಮಾನಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನ ಪಕ್ಕದಲ್ಲಿ ಕುಳಿತು, ತಟ್ಟೆಯಿಂದ ಒಂದು ಚೂರು ಪಲ್ಲೆ ಬಾಯಿಗೆ ಹಾಕಿಕೊಂಡು, ತಿರುಗಣಿ ಹಿಡಿದು ಎರಡೂ ದೀಪ ಆರಿಸಿಬಿಟ್ಟಳು.

"ನನಗ ಇದರ ವಾಸನಿನ ಆಗೂದಿಲ್ಲ," ಎಂದಳು. "ನಿಮಗ ಸೇರತೈತಿ ಅಂತ ಮೂಗ ಮುಚಿಗೊಂಡ ಮಾಡಾಕತ್ತಿದ್ನೆಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕದ್ದು ಮುಮಾನಿ. ಆಮೇಲೆ ಮಾಮು ಎಷ್ಟು ನಕ್ಕನೆಂದರೆ ಓಣಿಯವರು ಬಂದು ಇಣುಕಿದರು. ಸಂಜೆಗೆ ಹಿತ್ತಿಲ ಮಡಿಯನ್ನು ಪೂರ್ತಿ ಕಿತ್ತು ಆಡಿನ ಮುಂದೆ ಹಾಕಿದರು. ಆಡು ಮೂಸಿ ನೋಡಿ ಆ ಕಡೆ ತಿರುಗಿ ನಿಂತಿತು.

ಮುಮಾನಿಗೆ ಡಬ್ಬಿಯ ರುಚಿ ಹತ್ತಿತು. ಸಂಜೆಯ ಚಹಾ ಮಾಡಿ ಎಲ್ಲರಿಗೂ ಕೊಟ್ಟು, ಡಬ್ಬಿಯನ್ನು ಗುಲ್ಷನಳ ಮುಂದಿಟ್ಟಳು. ಈ ಸಲ ಒಳಗೆ ಹೋಗಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ಎದುರಿಗೇ ನಿಂತಳು. ಚಹಾ ಪಾನಕದ ಹಾಗೆ ಸಿಹಿಯಾಗಿತ್ತು. ಮಾಮು ಬಾಗಿಲ ಹತ್ತಿರ ಕುಳಿತು, ಏನು ಮಾಡುತ್ತಾಳೋ ನೋಡೋಣ ಎಂದು ಚಹಾದ ಬಸಿ ಕೆಳಗಿಟ್ಟ.

ಗುಲ್ಷನ ಮುಮಾನಿಯ ಮುಖ ನೋಡಿದಳು. ಆಮೇಲೆ ತಿರುಗಣಿಯನ್ನು ನಾಲ್ಕಕ್ಕೆ ಇಟ್ಟಳು.

"ನಾಕ," ಎಂದಳು ಮುಮಾನಿ.

"ಸಕ್ರಿ ಭಾಳ ಆಗೇತ್ರಿ ಮುಮಾನಿ."

"ಹೌದಾ? ಹಂಗಾದ್ರ ಏಳು. ನೀನ ಮಾಡು, ಎಲ್ಲಾರಿಗೂ."

ಗುಲ್ಷನ ಎದ್ದು ಒಳಗೆ ಹೋಗಿ ಸ್ಟೋವ್ ಹಚ್ಚಿದಳು. ಅವಳು ಪುಡಿಯ ಡಬ್ಬಿ ಹುಡುಕುತ್ತಿರುವಾಗ, ನಗು ಕೇಳಿ ಇಣುಕಿ ಹೋಗಿದ್ದ ಓಣಿಯವರೂ ಮತ್ತೆ ಬಂದು ಪಡಸಾಲೆಯಲ್ಲಿ ಕೂರತೊಡಗಿದ್ದರು, ಮತ್ತು ಹೊರಗಿನಿಂದ ಮಾಮು, ನನಗ ಸ್ವಲ್ಪ ಶುಂಠಿ ಹಾಕ್ತಿ ನೋಡು ಬೇಟಿ, ಎಂದು ಕೂಗಿ ಹೇಳುತ್ತಿದ್ದ.